ಗಾಳಿಚಡ್ಡಿ ಹೋಯಿತು, ಬೆಡ್‌ಶೀಟ್ ಬಂತು

ಸೊಂಟದ ಮೂಳೆ ಜಜ್ಜಿಹೋದಾಗ ರಕ್ತ ಕಣ್ಣಿಗೆ ಬೀಳುವುದೇ ಅಪರೂಪ. ಲಾರಿ ಬಡಿದು ಬಿದ್ದವರ ಮೈಮೇಲೆ ತರಚು ಗಾಯವಷ್ಟೇ ಇರಬಹುದು. ಒಳಗೆ, ಕರುಳಿನ ಹಿಂಬದಿಯಲ್ಲಿ, ಲೀಟರ್‌ಗಟ್ಟಲೆ ರಕ್ತ ತುಂಬಿಕೊಳ್ಳುತ್ತಿರುತ್ತದೆ. ಬಹುಪಾಲು ಅದು ತೆಳು ಗೋಡೆಯ ಅಭಿಧಮನಿಗಳಿಂದಲೂ ಮುರಿದ ಮೂಳೆಯಿಂದಲೂ ಒಸರುವುದರಿಂದ, ಸರ್ಜನ್ ಹೊಟ್ಟೆ ಕೊಯ್ದರೂ ಹಿಡಿದು ಕಟ್ಟಲು ಇದೇ ಎಂಬ ಒಂದು ನಾಳ ಸಿಗದು.

ಹಾಗಾದರೆ ಹೊರಗಿನಿಂದಲೇ ಒತ್ತಿದರೆ? ಅಮೆರಿಕದ ಜಾರ್ಜ್ ಕ್ರೈಲ್ 20ನೇ ಶತಮಾನದ ಆರಂಭದಲ್ಲೇ ಗಾಳಿ ತುಂಬುವ ರಬ್ಬರ್ ಉಡುಪು ಮಾಡಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಆ ಯೋಚನೆ ಕಾಲುಗಳನ್ನೂ ಮುಚ್ಚುವ ಚಡ್ಡಿಯ ರೂಪದಲ್ಲಿ ಮರಳಿತು, ಅಲ್ಲಿಂದ ಅಮೆರಿಕದ ಆ್ಯಂಬುಲೆನ್ಸ್‌ಗಳನ್ನು ಹತ್ತಿತು. ಗಾಳಿ ತುಂಬಿದೊಡನೆ ಬಿಪಿ ಏರುತ್ತಿತ್ತು. ಅಂಕಿ ಏರಿದರೆ ಯಾರಿಗೆ ಸಮಾಧಾನವಾಗದು! ಆದರೆ 1989ರಲ್ಲಿ ಹ್ಯೂಸ್ಟನ್‌ನ ಕೆನೆತ್ ಮ್ಯಾಟಾಕ್ಸ್ ತಂಡದ ಅಧ್ಯಯನ ಬೇರೆಯದನ್ನೇ ಹೇಳಿತು: ಚಡ್ಡಿ ತೊಡಿಸಿದವರಲ್ಲೇ ಸಾವು ಹೆಚ್ಚು. ಅಲ್ಲಿದ್ದವರು ಹೆಚ್ಚಾಗಿ ಗುಂಡು, ಚಾಕುವಿನಿಂದ ಗಾಯಗೊಂಡವರು, ಸೊಂಟ ಮುರಿದವರಲ್ಲ ಎಂಬ ವಾದ ಆಮೇಲೂ ನಡೆಯಿತು. ಆದರೂ ಹೊಟ್ಟೆಯನ್ನೇ ಮುಚ್ಚುವ, ಕಾಲಿನ ಸ್ನಾಯುಗಳನ್ನು ಹಿಸುಕುವ, ಗಾಳಿ ಬಿಟ್ಟೊಡನೆ ಬಿಪಿ ಕುಸಿಯುವ ಸಾಧನವನ್ನು ಎಷ್ಟು ದಿನ ಸಮರ್ಥಿಸಲಾದೀತು?

ಈ ನಡುವೆ 1991ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನ ರೈನ್‌ಹೋಲ್ಡ್ ಗಾಂಜ್ ಮೂಳೆಗೇ ಮೊಳೆಯೂರಿ ಬಿಗಿಯುವ ಸಿ-ಕ್ಲ್ಯಾಂಪ್ ವಿವರಿಸಿದರು. ಒಳ್ಳೆಯದೇ, ಆದರೆ ಅದಕ್ಕೆ ನುರಿತ ಕೈ ಬೇಕು. 2002ರಲ್ಲಿ ಸಿಯಾಟಲ್‌ನ ಚಿಪ್ ರೌಟ್ ಮತ್ತು ಸಂಗಡಿಗರು ಬರೆದದ್ದು ಆಸ್ಪತ್ರೆಯ ಸಾದಾ ಬೆಡ್‌ಶೀಟಿನ ಬಗ್ಗೆ: ಮಡಚಿ ಸೊಂಟದ ಕೆಳಗೆ ತೂರಿಸಿ, ಇಬ್ಬರು ಎದುರುಬದುರು ಎಳೆದು, ಕ್ಲ್ಯಾಂಪ್ ಹಾಕಿ. ಮೊಣಕಾಲು, ಪಾದಗಳನ್ನೂ ಜೋಡಿಸಿ ಕಟ್ಟಿದರೆ ಇನ್ನೂ ಒಳ್ಳೆಯದು. ಸೊಂಟಕ್ಕೆ ಬಿಗಿಯುವ ಪಟ್ಟಿ, ಅಂದರೆ ಇಂದಿನ ಪೆಲ್ವಿಕ್ ಬೈಂಡರ್‌ ಮಾಡುವುದೂ ಇದನ್ನೇ.

ಎಡವಟ್ಟಾಗುವುದು ಜಾಗದಲ್ಲಿ. ಬೆಲ್ಟ್ ಕಟ್ಟುವ ಕಡೆ ಬಿಗಿದರೆ ಪ್ರಯೋಜನ ಕಡಿಮೆ. ತೊಡೆಮೂಳೆಯ ಮೇಲ್ತುದಿಯ ಉಬ್ಬು ಪಕ್ಕದಲ್ಲಿ ಕೈಗೆ ಸಿಗುತ್ತದಲ್ಲ, ಅಲ್ಲಿ ಬಿಗಿಯಬೇಕು. 2011ರಲ್ಲಿ ಬ್ರಿಟಿಷ್ ಸೇನಾ ವೈದ್ಯರು ಎಕ್ಸ್‌ರೇಗಳನ್ನು ಪರಿಶೀಲಿಸಿದಾಗ ಸರಿಯಾದ ಮಟ್ಟದಲ್ಲಿದ್ದ ಬೈಂಡರ್‌ಗಳು ಸುಮಾರು ಅರ್ಧದಷ್ಟು ಮಾತ್ರ. ಪಕ್ಕದಿಂದ ಬಿದ್ದ ಏಟಿಗೆ ಮೂಳೆ ಒಳಕ್ಕೆ ಕುಸಿದಿದ್ದರೆ ಅತಿ ಬಿಗಿಯೂ ಕೂಡದು.

ಸೊಂಟವನ್ನು ಎರಡೂ ಕಡೆ ಅದುಮಿ ಅಲುಗಾಡುತ್ತದೆಯೇ ಎಂದು ನೋಡುವ ಹಳೆಯ ಪರೀಕ್ಷೆ ಈಗ ಸಲ್ಲದು. ಆಗಷ್ಟೇ ಹೆಪ್ಪುಗಟ್ಟಿದ ರಕ್ತವನ್ನು ಅದು ಕಿತ್ತುಹಾಕೀತು. ಅನುಮಾನ ಬಂದರೆ ಮೊದಲು ಕಟ್ಟಿ, ಆಮೇಲೆ ಎಕ್ಸ್‌ರೇ, ಹೊಟ್ಟೆಯ ಅಲ್ಟ್ರಾಸೌಂಡ್. ಏಟು ಬಿದ್ದು ಮೂರು ಗಂಟೆಯೊಳಗೆ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್, ಜೊತೆಗೆ ರಕ್ತ. ರಕ್ತ ಹರಿಯುತ್ತಿರುವುದು ಅಪಧಮನಿಯಿಂದಾದರೆ ಹೊರಗಿನ ಕಟ್ಟು ಸಾಲದು. ಕ್ಯಾತಿಟರ್ ತೂರಿಸಿ ನಾಳ ಮುಚ್ಚುವ ದಾರಿ 1972ರಿಂದಲೇ ಇದೆ. ಆ ಸೌಲಭ್ಯ ಕೂಡಲೇ ಸಿಗದಿದ್ದರೆ ಕೊಯ್ದು ಸೊಂಟದೊಳಗೆ ಬಟ್ಟೆ ತುರುಕಿ ಒತ್ತುತ್ತಾರೆ. ಬೈಂಡರನ್ನು ಬಹಳ ಹೊತ್ತು ಬಿಟ್ಟರೆ ಅಡಿಯ ಚರ್ಮ ಕೊಳೆಯುವುದರಿಂದ, ಮೂಳೆಗೆ ರಾಡು, ಪ್ಲೇಟು ಹಾಕುವ ತೀರ್ಮಾನವೂ ಬೇಗ ಆಗಬೇಕು.