ಸೈನಿಕರ ಮನೆಯ ಕಷ್ಟಕ್ಕೆ ಯಾರು ದನಿ?

ನಮ್ಮ ನಾಡಿನಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಊರುಗಳು ಬಹಳ. ಕೊಡಗಿನಲ್ಲಂತೂ ಎಷ್ಟೋ ಮನೆಗಳ ಗೋಡೆಯ ಮೇಲೆ ಸಮವಸ್ತ್ರದ ಫೋಟೋ ಇರುತ್ತದೆ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯೂ ಹಾಗೆಯೇ.

ಹುಡುಗ ಸೈನ್ಯಕ್ಕೆ ಹೊರಟಾಗ ಊರೆಲ್ಲ ಹಾರ ಹಾಕಿ ಕಳಿಸುತ್ತದೆ. ವರ್ಷಗಟ್ಟಲೆ ಚಳಿ, ಬಿಸಿಲು, ಗುಂಡಿನ ನಡುವೆ ದುಡಿದು ಅವನು ಮನೆಗೆ ಬರುತ್ತಾನೆ. ಆಮೇಲೆ? ಪಿಂಚಣಿ ಸರಿಯಾಗಿ ಬಂತಾ? ಗಾಯಕ್ಕೆ ಔಷಧಿ ಸಿಕ್ತಾ? ಅವನು ಬರಲೇ ಇಲ್ಲ ಅಂದರೆ ಹೆಂಡತಿ ಮಕ್ಕಳ ಗತಿ ಏನು? ಇದನ್ನು ಕೇಳುವವರು ಕಡಿಮೆ.

ಕೇಳುವವರೂ ಇದ್ದಾರೆ. ಸಂಬಳಕ್ಕಲ್ಲ, ಮನಸ್ಸಿನಿಂದ ಮಾಡುವವರು. ಅವರ ಕೆಲಸ ಏನು, ಅದರಲ್ಲಿ ನಮ್ಮ ಪಾಲು ಏನು? ತಿಳಿಯೋಣ ಬನ್ನಿ.

ಕಾರ್ಯಪ್ಪನವರು ತೋರಿದ ದಾರಿ

ಕೊಡಗಿನ ಕೆ. ಎಂ. ಕಾರ್ಯಪ್ಪನವರ ಹೆಸರು ನೀವು ಕೇಳಿರಬಹುದು. 1949ರ ಜನವರಿ 15ರಂದು ಅವರು ಭಾರತ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದಕ್ಕೇ ಪ್ರತಿವರ್ಷ ಜನವರಿ 15ರಂದು ಸೇನಾ ದಿನ ಆಚರಿಸುತ್ತಾರೆ. ಅವರು 1953ರಲ್ಲಿ ನಿವೃತ್ತರಾದರು. ಆದರೆ ಸೈನಿಕರನ್ನು ಮರೆಯಲಿಲ್ಲ. ಮಾಜಿ ಸೈನಿಕರೆಲ್ಲ ಒಂದಾಗಿ ತಮ್ಮ ಕಷ್ಟ ಹೇಳಿಕೊಳ್ಳಲಿ ಅಂತ 1964ರಲ್ಲಿ ಮಾಜಿ ಸೈನಿಕರ ಒಂದು ಸಂಘ ಕಟ್ಟಲು ಮುಂದಾದರು.

1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ನಡೆಯಿತು. ಕಾರ್ಯಪ್ಪನವರ ಮಗ ವಿಮಾನ ಪಡೆಯಲ್ಲಿದ್ದರು. ಅವರ ವಿಮಾನ ಉರುಳಿತು. ಅವರು ಶತ್ರುವಿನ ಕೈಗೆ ಸೆರೆ ಸಿಕ್ಕರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ಅವರಿಗೆ ಕಾರ್ಯಪ್ಪನವರ ಹಳೆಯ ಪರಿಚಯ. ಮಗನನ್ನು ಬೇಗ ಬಿಡುತ್ತೇವೆ ಎಂಬ ಮಾತು ಬಂತು. ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿದ್ದ ಎಲ್ಲ ಸೈನಿಕರೂ ತನ್ನ ಮಕ್ಕಳೇ, ಒಬ್ಬನಿಗೆ ಬೇರೆ ನ್ಯಾಯ ಬೇಡ ಅಂದರು. ಮಗ 1966ರಲ್ಲಿ ಊರಿಗೆ ಮರಳಿದರು.

ದೊಡ್ಡವರ ಮನೆಯ ಮಗನಿಗೂ, ಬಡವರ ಮನೆಯ ಮಗನಿಗೂ ಒಂದೇ ನ್ಯಾಯ. ಸೈನಿಕರ ಪರವಾಗಿ ದುಡಿಯುವವರಿಗೆ ಇದೇ ಮೊದಲ ಪಾಠ.

ಸೆರೆ ಸಿಕ್ಕ ಸೈನಿಕನಿಗೂ ಹಕ್ಕಿದೆ

ಯುದ್ಧದಲ್ಲಿ ಸೆರೆ ಸಿಕ್ಕವನು ಕಳ್ಳನಲ್ಲ. ಅವನು ಯುದ್ಧಕೈದಿ. ಅವನಿಗಾಗಿ 1949ರಲ್ಲಿ ಜಿನೀವಾ ಎಂಬ ಊರಿನಲ್ಲಿ ದೇಶಗಳೆಲ್ಲ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ:

ಕೈದಿಯನ್ನು ಹೊಡೆಯಬಾರದು, ಅವಮಾನ ಮಾಡಬಾರದು.
ಅವನು ತನ್ನ ಹೆಸರು, ದರ್ಜೆ, ಹುಟ್ಟಿದ ದಿನ, ಸೈನಿಕ ನಂಬರು ಹೇಳಿದರೆ ಸಾಕು.
ಅವನು ಮನೆಗೆ ಕಾಗದ ಬರೆಯಬಹುದು.
ಅವನು ಸೆರೆಯಲ್ಲಿರುವ ಸುದ್ದಿಯನ್ನು ಅವನ ದೇಶಕ್ಕೆ ತಿಳಿಸಬೇಕು.
ಹೋರಾಟ ನಿಂತ ಮೇಲೆ ತಡಮಾಡದೆ ಬಿಡಬೇಕು.

ರೆಡ್ ಕ್ರಾಸ್ ಸಂಸ್ಥೆಯವರು ಕೈದಿಗಳನ್ನು ಕಂಡು ಬರುತ್ತಾರೆ. ಹೆಸರಿನ ಪಟ್ಟಿ ಮಾಡುತ್ತಾರೆ. ಒಂದು ಹೆಸರು ಪಟ್ಟಿಯಲ್ಲಿ ಬಂತು ಅಂದರೆ ಆ ಮನೆಗೆ ಜೀವ ಬಂದ ಹಾಗೆ. ಹೆಸರು ಬರದಿದ್ದರೆ?

ಪಟ್ಟಿಗೆ ಸೇರದ ಹೆಸರುಗಳು

1971ರ ಡಿಸೆಂಬರ್ 3ರಿಂದ 16ರವರೆಗೆ ಮತ್ತೊಂದು ಯುದ್ಧ ನಡೆಯಿತು. ಬಾಂಗ್ಲಾದೇಶ ಹುಟ್ಟಿತು. ಪಾಕಿಸ್ತಾನದ ಸುಮಾರು 93,000 ಜನ ನಮ್ಮ ಕೈಗೆ ಸೆರೆಯಾದರು. ನಮ್ಮ ನೂರಾರು ಸೈನಿಕರೂ ಅವರ ಕೈಯಲ್ಲಿದ್ದರು. ಮುಂದೆ ಎರಡೂ ಕಡೆಯವರು ಕೈದಿಗಳನ್ನು ಬಿಟ್ಟರು.

ಆದರೆ ಕೆಲವರು ಬರಲೇ ಇಲ್ಲ. ಸತ್ತರು ಎನ್ನಲು ದೇಹ ಸಿಗಲಿಲ್ಲ. ಬದುಕಿದ್ದಾರೆ ಎನ್ನಲು ಪಾಕಿಸ್ತಾನ ಒಪ್ಪಲಿಲ್ಲ. ಇವರನ್ನು ‘ಕಾಣೆಯಾದ 54 ಜನ’ ಅಂತ ಕರೆಯುತ್ತಾರೆ. ಇವರಲ್ಲಿ ಹೆಚ್ಚಿನವರು 1971ರವರು, ಕೆಲವರು 1965ರವರು.

ಆಗ ಮನೆಯವರೇ ಎದ್ದು ನಿಂತರು. ಅವರಲ್ಲಿ ದಮಯಂತಿ ತಾಂಬೆ ಒಬ್ಬರು. ಅವರು ಬ್ಯಾಡ್ಮಿಂಟನ್ ಆಟದಲ್ಲಿ ದೇಶಕ್ಕೇ ಚಾಂಪಿಯನ್ ಆಗಿದ್ದವರು. ಅರ್ಜುನ ಪ್ರಶಸ್ತಿ ಪಡೆದವರು. ಗಂಡ ವಿಮಾನ ಪಡೆಯ ಅಧಿಕಾರಿ. 1971ರ ಯುದ್ಧಕ್ಕೆ ಹೋದವರು ಮರಳಲಿಲ್ಲ. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ದಮಯಂತಿ ದಶಕಗಳ ಕಾಲ ಗಂಡನ ಹುಡುಕಾಟ ನಡೆಸಿದರು.

ಈ ಮನೆಯವರೆಲ್ಲ ಸೇರಿ ಸಂಘ ಮಾಡಿಕೊಂಡರು. ಹಳೆಯ ಪತ್ರಿಕೆ, ಫೋಟೋ, ಕಾಗದ ಕೂಡಿಟ್ಟರು. ಮಂತ್ರಿಗಳನ್ನು ಕಂಡರು. ಸಂಸತ್ತಿನಲ್ಲಿ ಪ್ರಶ್ನೆ ಕೇಳಿಸಿದರು. 1983ರಲ್ಲಿ ಕೆಲವರು ಪಾಕಿಸ್ತಾನದ ಮುಲ್ತಾನ್ ಜೈಲಿಗೆ ಹೋಗಿ ಬಂದರು. 2007ರಲ್ಲಿ 14 ಜನ ಅಲ್ಲಿನ ಬೇರೆ ಬೇರೆ ಜೈಲುಗಳಿಗೆ ಹೋದರು. ತಮ್ಮವರು ಸಿಗಲಿಲ್ಲ. ಬರಿಗೈಯಲ್ಲಿ ಬಂದರು.

ಹಾಗಾದರೆ ಅವರ ಓಡಾಟ ವ್ಯರ್ಥವೇ? ಅಲ್ಲ. ಅವರು ಕೇಳದಿದ್ದರೆ ಆ 54 ಹೆಸರುಗಳು ಯಾವತ್ತೋ ಕಡತದಲ್ಲಿ ಮುಚ್ಚಿಹೋಗುತ್ತಿದ್ದವು. ಇವತ್ತಿಗೂ ಸಂಸತ್ತಿನಲ್ಲಿ ಆ ಮಾತು ಬರುತ್ತದೆ ಅಂದರೆ ಅದಕ್ಕೆ ಆ ಮನೆಯವರೇ ಕಾರಣ.

ಹಿಮದ ಕೆಳಗೆ 56 ವರ್ಷ

ಯುದ್ಧದಲ್ಲಿ ಮಾತ್ರ ಸೈನಿಕರು ಕಾಣೆಯಾಗುವುದಿಲ್ಲ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಸೈನ್ಯದ ಒಂದು ವಿಮಾನ ಹೊರಟಿತು. ಅದರಲ್ಲಿ 102 ಜನ ಇದ್ದರು. ಹಿಮಾಲಯದ ಮೋಡದಲ್ಲಿ ಅದು ಕಾಣೆಯಾಯಿತು. 35 ವರ್ಷ ಯಾವ ಸುಳಿವೂ ಇಲ್ಲ. 2003ರಲ್ಲಿ ಬೆಟ್ಟ ಹತ್ತುವವರಿಗೆ ಅದರ ಅವಶೇಷ ಕಂಡಿತು.

ಸೈನ್ಯದವರು ಮತ್ತೆ ಮತ್ತೆ ಹುಡುಕಿದರು. 2024ರ ಸೆಪ್ಟೆಂಬರ್‌ನಲ್ಲಿ ಇನ್ನೂ ನಾಲ್ಕು ದೇಹ ಸಿಕ್ಕವು. ಆ ಹುಡುಕಾಟದಲ್ಲಿ ಸೈನ್ಯದ ಜೊತೆ ಬೆಟ್ಟದಲ್ಲಿ ಜೀವ ಉಳಿಸುವ ನಾಗರಿಕರ ತಂಡವೂ ಇತ್ತು. ದೇಹದ ಜೊತೆ ಸಿಕ್ಕ ಕಾಗದಗಳಿಂದ ಹೆಸರು ಗೊತ್ತಾಯಿತು. ಒಬ್ಬರು ಕೇರಳದ ಯುವಕ. 56 ವರ್ಷದ ನಂತರ ಅವರು ಊರಿನ ಮಣ್ಣಿಗೆ ಸೇರಿದರು. ನೋಡಿ, ಒಂದು ತುಂಡು ಕಾಗದ ಎಂಥ ಕೆಲಸ ಮಾಡಿತು!

ನಮ್ಮ ಹನುಮಂತಪ್ಪ ಕೊಪ್ಪದ ಅವರನ್ನು ಮರೆಯುವುದುಂಟೇ? ಅವರು ಧಾರವಾಡ ಜಿಲ್ಲೆಯ ಬೆಟದೂರಿನವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಹೂತುಹೋದರು. ಇನ್ನು ಯಾರೂ ಬದುಕಿಲ್ಲ ಅಂದುಕೊಂಡಿದ್ದರು. ಆದರೂ ಹುಡುಕುವುದನ್ನು ಬಿಡಲಿಲ್ಲ. ಆರನೆಯ ದಿನ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಡುಕದೆ ಕೈಚೆಲ್ಲಬಾರದು ಅಂತ ಇದರಿಂದ ಕಲಿತೆವು.

ಕಾಯುವ ಮನೆಯ ಪಾಡು

ಒಬ್ಬ ಹೆಣ್ಣುಮಗಳ ಗಂಡ ಕಾಣೆಯಾದ ಅಂದುಕೊಳ್ಳಿ. ಆಕೆ ಕುಂಕುಮ ಇಡಬೇಕೋ ಬೇಡವೋ ಅಂತ ಊರಿನವರು ಮಾತಾಡ್ತಾರೆ. ಕಚೇರಿಯಲ್ಲಿ ಮರಣಪತ್ರ ಕೇಳ್ತಾರೆ. ಗಂಡ ಸತ್ತ ಅಂತ ಬರೆದುಕೊಡಲು ಆಕೆಯ ಕೈ ಏಳುವುದಿಲ್ಲ. ಅತ್ತ ಸಂಬಳ ನಿಂತಿದೆ. ಇತ್ತ ಮಕ್ಕಳ ಶಾಲೆ.

ಕಾನೂನು ಏನು ಹೇಳುತ್ತದೆ? ಏಳು ವರ್ಷ ಯಾರಿಗೂ ಸುದ್ದಿ ಇಲ್ಲದಿದ್ದರೆ ಆ ವ್ಯಕ್ತಿ ಸತ್ತಿರಬೇಕೆಂದು ನ್ಯಾಯಾಲಯ ಭಾವಿಸಬಹುದು. ಆದರೆ ಪಿಂಚಣಿಗೆ ಏಳು ವರ್ಷ ಕಾಯಬೇಕಿಲ್ಲ. ಕಾಣೆಯಾದ ಬಗ್ಗೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಬೇಕು. ಹುಡುಕಿದರೂ ಸಿಗಲಿಲ್ಲ ಅಂತ ಪೊಲೀಸರ ವರದಿ ಬೇಕು. ದೂರು ದಾಖಲಾಗಿ ಆರು ತಿಂಗಳಾದ ಮೇಲೆ ಕುಟುಂಬ ಪಿಂಚಣಿ ಕೇಳಬಹುದು. ಅವರು ಮರಳಿ ಬಂದರೆ ಲೆಕ್ಕ ಒಪ್ಪಿಸುತ್ತೇವೆ ಅಂತ ಒಂದು ಬಾಂಡ್ ಬರೆದುಕೊಡಬೇಕು. ಅಷ್ಟೇ.

ಇದು ಗೊತ್ತಿಲ್ಲದೆ ಸುಮ್ಮನೆ ಕೂತವರು ಇದ್ದಾರೆ. ಗೊತ್ತಿದ್ದವರು ಹೇಳಬೇಕು.

ಮಾಜಿ ಸೈನಿಕರ ಹೋರಾಟ

ಒಂದೇ ದರ್ಜೆ, ಅಷ್ಟೇ ವರ್ಷದ ಸೇವೆ. ಆದರೆ ಮೊದಲು ನಿವೃತ್ತರಾದವರಿಗೆ ಕಡಿಮೆ ಪಿಂಚಣಿ, ಆಮೇಲೆ ಬಂದವರಿಗೆ ಹೆಚ್ಚು. ಇದು ಸರಿಯಲ್ಲ ಅಂತ ಮಾಜಿ ಸೈನಿಕರು ಬಹಳ ಕಾಲ ಕೇಳಿದರು. 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಅದೇ ವರ್ಷ ನವೆಂಬರ್‌ನಲ್ಲಿ ‘ಒಂದು ದರ್ಜೆ, ಒಂದು ಪಿಂಚಣಿ’ ಆದೇಶ ಬಂತು. ಕೇಳಿದ್ದೆಲ್ಲ ಸಿಗಲಿಲ್ಲ ಅಂತ ಕೆಲವರು ಹೋರಾಟ ಮುಂದುವರಿಸಿದರು. ಆದರೂ ಒಟ್ಟಾಗಿ ಕೇಳಿದ್ದರಿಂದ ಲಕ್ಷಾಂತರ ಮನೆಗೆ ಅನುಕೂಲವಾಯಿತು.

ನಾವೇನು ಮಾಡಬಹುದು?

ನಾವು ದೆಹಲಿಗೆ ಹೋಗಬೇಕಿಲ್ಲ. ಊರಿನಲ್ಲೇ ಕೆಲಸ ಇದೆ.

1. ನಮ್ಮ ಊರಿನ ಮಾಜಿ ಸೈನಿಕರ, ಸೈನಿಕರ ವಿಧವೆಯರ ಪಟ್ಟಿ ಮಾಡೋಣ.

2. ಅವರ ಕಾಗದಗಳನ್ನು ಒಂದು ಚೀಲದಲ್ಲಿ ಇಡಿಸೋಣ. ಸೇವೆಯಿಂದ ಬಿಡುಗಡೆಯಾದ ಪುಸ್ತಕ, ಪಿಂಚಣಿ ಆದೇಶ, ಗುರುತಿನ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಆಧಾರ್ ಇರಬೇಕು.

3. ಹೆಸರು ಸರಿ ಇದೆಯಾ ನೋಡೋಣ. ಒಂದು ಕಾಗದದಲ್ಲಿ ‘ಸಾವಿತ್ರಿ’, ಇನ್ನೊಂದರಲ್ಲಿ ‘ಸಾವಿತ್ರವ್ವ’ ಅಂತ ಇದ್ದರೆ ಪಿಂಚಣಿ ತಡೆಯಬಹುದು. ಗಂಡ ಬದುಕಿದ್ದಾಗಲೇ ಹೆಂಡತಿಯ ಹೆಸರು, ಹುಟ್ಟಿದ ದಿನ ಸರಿ ಮಾಡಿಸಬೇಕು.

4. ವರ್ಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಎಂಬ ಜೀವಿತ ಪ್ರಮಾಣ ಕೊಡಬೇಕು. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಮುದುಕರಿಗೆ ಇದನ್ನು ನೆನಪಿಸೋಣ, ಜೊತೆಗೆ ಹೋಗೋಣ.

5. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಎಲ್ಲಿದೆ ಅಂತ ತಿಳಿದಿಡೋಣ. ಕೆಲವು ಕಡೆ ಎರಡು ಮೂರು ಜಿಲ್ಲೆಗೆ ಒಂದೇ ಕಚೇರಿ ಇದೆ.

6. ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬೇಕು. ಸೈನಿಕರ ತಕರಾರು ಕೇಳಲು ಬೇರೆ ನ್ಯಾಯಮಂಡಳಿಯೇ ಇದೆ.

7. ಅರ್ಜಿ ಎಲ್ಲಿಗೆ ಬಂತು ಅಂತ ತಿಳಿಯಲು 2005ರ ಮಾಹಿತಿ ಹಕ್ಕು ಕಾನೂನು ಇದೆ. ಕೇಂದ್ರದ ಕಚೇರಿಗೆ ಹತ್ತು ರೂಪಾಯಿ ಶುಲ್ಕ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

8. ಫೋನಿನಲ್ಲಿ ಯಾರಾದರೂ ‘ಪಿಂಚಣಿ ಕಚೇರಿಯವರು’ ಅಂತ ಹೇಳಿ ಗುಟ್ಟಿನ ನಂಬರು ಕೇಳಿದರೆ ಕೊಡಬೇಡಿ ಅಂತ ಹೇಳೋಣ.

ಇಷ್ಟಕ್ಕೆ ದೊಡ್ಡ ಓದು ಬೇಕಿಲ್ಲ. ನಾವು ಈಗ ಕಲಿತ ಅಕ್ಷರವೇ ಸಾಕು. ಒಂದು ಅರ್ಜಿ ಓದಿ ಹೇಳಿದರೆ, ಒಂದು ಹೆಸರು ತಿದ್ದಿಸಿದರೆ, ಒಂದು ಮನೆಯ ಒಲೆ ಉರಿಯುತ್ತದೆ.

ಡಿಸೆಂಬರ್ 7 ಧ್ವಜ ದಿನ. ಸೈನಿಕರ ಮನೆಗಳಿಗಾಗಿ ಅಂದು ಚಿಕ್ಕ ಬಾವುಟ ಕೊಟ್ಟು ಹಣ ಕೂಡಿಸುತ್ತಾರೆ. ಬಾವುಟ ಚುಚ್ಚಿಕೊಳ್ಳೋಣ. ಅದರ ಜೊತೆ ಒಂದು ಮನೆಗೂ ಹೋಗಿ ಬರೋಣ.

ಕೂತು ಮಾತಾಡೋಣ

1. ನಮ್ಮ ಊರಿನಲ್ಲಿ ಎಷ್ಟು ಜನ ಮಾಜಿ ಸೈನಿಕರಿದ್ದಾರೆ?
2. ಅವರ ಮನೆಯಲ್ಲಿ ಕಾಗದ ಓದುವವರು ಯಾರು?
3. ಪಿಂಚಣಿ ನಿಂತುಹೋದ ಮನೆ ಯಾವುದಾದರೂ ಇದೆಯೇ? ನಾಳೆ ಅಲ್ಲಿಗೆ ಯಾರು ಹೋಗುತ್ತೀರಿ?