ಬಿಟ್ಟ ಬಟ್ಟೆಯ ಪೇಟೆ

ಬ್ರಿಟನ್ನಿನ ಊರೂರಿನ ಪೇಟೆಬೀದಿಯಲ್ಲೂ ಜನ ದಾನ ಕೊಟ್ಟದ್ದನ್ನು ಮಾರಿ ಸೇವೆಗೆ ಹಣ ಕೂಡಿಸುವ ಚಾರಿಟಿ ಅಂಗಡಿಯೊಂದು ಇದ್ದೇ ಇರುತ್ತದೆ. ಗಾಜಿನ ಹಿಂದೆ ಪಿಂಗಾಣಿ ಟೀ ಸೆಟ್ಟು, ಹಳೆಯ ಗ್ರಾಮಫೋನ್ ತಟ್ಟೆಗಳು, ಒಮ್ಮೆ ಮಾತ್ರ ತೊಟ್ಟ ಮದುವೆಯ ಗೌನು. ಆದರೆ ನೋಡಬೇಕಾದದ್ದು ಕೌಂಟರಿನ ಹಿಂದಿನ ಕೋಣೆಯನ್ನು.

ಅಲ್ಲಿ ಕಪ್ಪು ಚೀಲಗಳು ಸೊಂಟದೆತ್ತರಕ್ಕೆ ಬಿದ್ದಿರುತ್ತವೆ. ಸಂಬಳವಿಲ್ಲದೆ ದುಡಿಯುವ ಹಿರಿಯ ಹೆಂಗಸೊಬ್ಬರು ಒಂದರ ಗಂಟು ಬಿಚ್ಚುತ್ತಾರೆ. ಅಂಗಿ ಕೈಗೆ ಬಂದರೆ ಮೊದಲು ಕಂಕುಳ ಹತ್ತಿರ ಮೂಸುತ್ತಾರೆ. ಕಾಲರಿನ ಜಿಡ್ಡು ನೋಡಿ, ಜಿಪ್ ಎಳೆದು, ಜೇಬು ತಡಕುತ್ತಾರೆ. ಗಂಡನನ್ನು ಕಳೆದುಕೊಂಡವರು ಬೀರು ಖಾಲಿ ಮಾಡಿ ತಂದ ಚೀಲವಾದರೆ ಮಡಿಕೆಯಲ್ಲೇ ಗೊತ್ತಾಗುತ್ತದೆ: ಒಂದೊಂದು ಅಂಗಿಯೂ ಒಗೆದು ಇಸ್ತ್ರಿಯಾಗಿರುತ್ತದೆ. ಆಗ ಕೈ ತುಸು ನಿಧಾನವಾಗುತ್ತದೆ. ಪಾಸಾದದ್ದು ಹಬೆಯ ಇಸ್ತ್ರಿ ಕಂಡು ಹ್ಯಾಂಗರ್ ಏರುತ್ತದೆ. ಬೆಲೆಚೀಟಿಯಲ್ಲಿ ವಾರದ ಗುರುತು. ಕೆಲವು ವಾರಗಳಲ್ಲಿ ಹೋಗದಿದ್ದರೆ ಹೊಸದಕ್ಕೆ ಜಾಗ ಬಿಡಲೇಬೇಕು.

1942ರಲ್ಲಿ ನಾಜಿಗಳ ಹಿಡಿತದಲ್ಲಿದ್ದ ಗ್ರೀಸಿನ ಹಸಿವಿಗೆ ಮರುಗಿ ಆಕ್ಸ್‌ಫರ್ಡಿನ ಕೆಲವರು ಕಟ್ಟಿದ ಸಮಿತಿಯೇ ಮುಂದೆ ಆಕ್ಸ್‌ಫ್ಯಾಮ್ ಎಂಬ ಸೇವಾಸಂಸ್ಥೆಯಾಯಿತು. 1947ರ ಕೊನೆಗೆ ಅದೇ ಊರಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಅದರ ಇಂಥದೊಂದು ಅಂಗಡಿ ತೆರೆಯಿತು. 1949ರಲ್ಲಿ ಸೇರಿದ ಜೋ ಮಿಟ್ಟಿ ಜನ ತಂದುಕೊಟ್ಟ ಏನನ್ನಾದರೂ ಮಾರಬಲ್ಲೆನೆಂಬ ಧೈರ್ಯದಿಂದ ಅದನ್ನು ಬೆಳೆಸಿದರು. ಕರುಣೆಗೆ ವ್ಯಾಪಾರದ ಕಸುಬು ಕಲಿಸಿದ್ದು ದೊಡ್ಡ ಕೆಲಸವೆಂದೇ ನನ್ನ ಭಾವನೆ.

ಇಂಥ ಅಂಗಡಿಗಳಿಗೆ ಅಲ್ಲಿನ ಸರ್ಕಾರವೂ ಕೈಜೋಡಿಸಿದೆ. ದಾನವಾಗಿ ಬಂದ ಸಾಮಾನಿನ ಮಾರಾಟಕ್ಕೆ ವ್ಯಾಟ್ ಸೊನ್ನೆ. ಇಂಗ್ಲೆಂಡಿನಲ್ಲಿ ಮಳಿಗೆ ತೆರಿಗೆಗೆ ಶೇ 80 ರಿಯಾಯಿತಿ. ಕೊಟ್ಟವರು ತೆರಿಗೆದಾರರಾಗಿದ್ದು ಗಿಫ್ಟ್ ಏಡ್ ಎಂಬ ತೆರಿಗೆ ಯೋಜನೆಗೆ ಒಪ್ಪಿದರೆ, ಅವರ ಸಾಮಾನು ಮಾರಿ ಬಂದ ಪ್ರತಿ ಪೌಂಡಿಗೆ ಬೊಕ್ಕಸದಿಂದ 25 ಪೆನ್ಸ್ ಸೇರುತ್ತದೆ. ಬಾಡಿಗೆ, ಕರೆಂಟು, ಮ್ಯಾನೇಜರ್ ಸಂಬಳ ಕಳೆದು ಮಿಕ್ಕಿದ್ದಷ್ಟೇ ಸೇವೆಗೆ.

ಮಾರಿಹೋಗದ ಬಟ್ಟೆ? ಅದು ಕಿಲೋ ಲೆಕ್ಕದಲ್ಲಿ ಹಳೆಬಟ್ಟೆ ವ್ಯಾಪಾರಿಯ ಪಾಲು. ಪಶ್ಚಿಮ ದೇಶಗಳ ಹಳೆಯ ಉಣ್ಣೆಬಟ್ಟೆ ನಮ್ಮ ಪಾಣಿಪತ್‌ಗೂ ಬರುತ್ತದೆ. ಅಲ್ಲಿ ಗುಂಡಿ, ಜಿಪ್ ಕಿತ್ತು, ಚಿಂದಿ ಮಾಡಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ನೆರೆ, ಭೂಕಂಪವಾದಾಗ ಪರಿಹಾರವಾಗಿ ಹಂಚುವ ಅಗ್ಗದ ಕಂಬಳಿಗಳು ಎಷ್ಟೋ ಸಲ ಇವೇ.

ಇನ್ನಷ್ಟು ಬಟ್ಟೆ ಘಾನಾದ ಅಕ್ರಾ ನಗರದ ಕಾಂಟಮಾಂಟೊ ಸಂತೆಗೆ ಹೋಗುತ್ತದೆ. ಸುಮಾರು 55 ಕಿಲೋ ತೂಗುವ ಮೂಟೆಯನ್ನು ಇಕ್ಕಟ್ಟಿನ ಓಣಿಗಳಲ್ಲಿ ಹೆಂಗಸರು ತಲೆಯ ಮೇಲೆ ಹೊತ್ತು ಸಾಗುತ್ತಾರೆ. ಸಂತೆಯ ವ್ಯಾಪಾರಿ ಹೆಂಗಸು ಅದನ್ನು ಬಿಚ್ಚಿ ನೋಡಿ ಕೊಳ್ಳುವಂತಿಲ್ಲ. ಹಣ ಕೊಟ್ಟ ಮೇಲೆಯೇ ಗಂಟು ಬಿಚ್ಚಬೇಕು. ಬ್ರಿಟನ್ನಿನ ಅಂಗಡಿಗೆ ಒಂದು ಪೆನ್ನಿ ಖರ್ಚಿಲ್ಲದೆ ಬಂದಿದ್ದ ಅಂಗಿಗೆ ಆಕೆ ಅನೇಕ ವೇಳೆ ಸಾಲದ ದುಡ್ಡು ತೆತ್ತಿರುತ್ತಾಳೆ. ಕಲೆಯಾದದ್ದು, ಹರಿದದ್ದು ಎಷ್ಟೇ ಇರಲಿ, ನಷ್ಟ ಪೂರ್ತಿ ಅವಳದೇ.