ತೊರೆಗಿಳಿದ ಭೂಗೋಳ

ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿರುವ ಡೆವನ್, ಕಾರ್ನ್‌ವಾಲ್ ಸೀಮೆಯ ತೊರೆಗಳಲ್ಲಿ ಶಾಲೆ ನಡೆಯುವ ತಿಂಗಳುಗಳಲ್ಲಿ ರಬ್ಬರ್ ಬೂಟು ತೊಟ್ಟ ಹುಡುಗ ಹುಡುಗಿಯರು ಕಾಣಸಿಗುತ್ತಾರೆ. ಇಬ್ಬರು ದಡದಿಂದ ದಡಕ್ಕೆ ಟೇಪು ಬಿಗಿಹಿಡಿದಿರುತ್ತಾರೆ. ಒಬ್ಬಳು ಅಳತೆಕೋಲನ್ನು ನೀರಿಗೆ ಅದ್ದಿ ಆಳವನ್ನು ಕೂಗಿ ಹೇಳುತ್ತಾಳೆ, ದಡದಲ್ಲಿ ಕೂತವನು ಬರೆದುಕೊಳ್ಳುತ್ತಾನೆ. ಮತ್ತೊಬ್ಬ ಕಿತ್ತಳೆ ಹಣ್ಣೊಂದನ್ನು ತೇಲಿಬಿಟ್ಟು, ಅದು ಹತ್ತು ಮೀಟರ್ ಸಾಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸುತ್ತಾನೆ. ಮರುದಿನ ಅದೇ ತಂಡ ಕಡಲ ತೀರದ ಪೇಟೆಯಲ್ಲಿರುತ್ತದೆ. ಕೈಯಲ್ಲಿ ಪ್ರಶ್ನಾವಳಿ. ನೀವು ಈ ಊರಿನಲ್ಲೇ ಹುಟ್ಟಿದವರೇ? ಇಲ್ಲವಾದರೆ ಎಲ್ಲಿಂದ ಬಂದಿರಿ, ಯಾವಾಗ ಬಂದಿರಿ, ಏಕೆ ಬಂದಿರಿ?

ನೋಡಿದವರಿಗೆ ಪಿಕ್‌ನಿಕ್ ಅನ್ನಿಸಬಹುದು. ಆದರೆ ಇದು ಪರೀಕ್ಷೆಯ ಭಾಗ. 2016ರಲ್ಲಿ ಜಾರಿಗೆ ಬಂದ ಪಠ್ಯಕ್ರಮದ ಪ್ರಕಾರ ಇಂಗ್ಲೆಂಡಿನಲ್ಲಿ ಭೂಗೋಳ ಓದುವ ಜಿಸಿಎಸ್‌ಇ (ನಮ್ಮ ಹತ್ತನೇ ತರಗತಿಯ ಮಟ್ಟದ ಪರೀಕ್ಷೆ) ವಿದ್ಯಾರ್ಥಿ ಕನಿಷ್ಠ ಎರಡು ಬಾರಿ, ಎರಡು ಭಿನ್ನ ಪರಿಸರಗಳಲ್ಲಿ, ಶಾಲೆಯ ಆವರಣದಾಚೆ ಕ್ಷೇತ್ರಕಾರ್ಯ ಮಾಡಬೇಕು. ಅದರ ಮುಂದಿನ ಹಂತವಾದ ಎ-ಲೆವೆಲ್‌ಗೆ ನಾಲ್ಕು ದಿನಗಳಾದರೂ ಬೇಕು. ಜೊತೆಗೆ ತಾನೇ ಪ್ರಶ್ನೆ ಹುಡುಕಿ, ತಾನೇ ಅಳೆದು ಬರೆಯುವ ಸ್ವತಂತ್ರ ವರದಿಗೆ ಶೇ 20ರಷ್ಟು ಅಂಕ. ಒಂದು ದಿನ ನೀರು, ಒಂದು ದಿನ ಜನ ಎಂಬ ಈ ಜೋಡಿ ತಾನಾಗಿ ಹುಟ್ಟಿದ್ದಲ್ಲ. ಅದರ ಹಿಂದೆ ನೂರು ವರ್ಷ ಮೀರಿದ ಕಥೆಯಿದೆ. ಆ ಕಥೆಯ ಆರಂಭದಲ್ಲಿ ನೀರು ಮತ್ತು ಜನ ಬೇರೆ ಬೇರೆ ದಿನದ ಪಾಠಗಳಾಗಿರಲಿಲ್ಲ.

ಬೆಟ್ಟದಿಂದ ಕಡಲಿಗೆ ಒಂದೇ ಗೆರೆ

1892ರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್‌ಲೆಂಡಿನ ಜೀವವಿಜ್ಞಾನಿ ಎಡಿನ್‌ಬರೋ ಕೋಟೆಯ ಸಮೀಪದ ಹಳೆಯ ಕಟ್ಟಡವೊಂದನ್ನು ತೆಗೆದುಕೊಂಡು ‘ಔಟ್‌ಲುಕ್ ಟವರ್’ ಎಂಬ ಸಂಗ್ರಹಾಲಯ ಮಾಡಿದ. ಬಂದವರನ್ನು ಮೊದಲು ತುತ್ತತುದಿಗೆ ಹತ್ತಿಸಿ, ಅಲ್ಲಿದ್ದ ಕ್ಯಾಮೆರಾ ಅಬ್ಸ್ಕ್ಯೂರಾದಲ್ಲಿ ಊರಿನ ಜೀವಂತ ಚಿತ್ರ ತೋರಿಸುತ್ತಿದ್ದ. ಆಮೇಲೆ ಒಂದೊಂದೇ ಮಹಡಿ ಇಳಿಸುತ್ತ ನಗರ, ದೇಶ, ಯುರೋಪು, ಜಗತ್ತು ಎಂದು ಪರಿಚಯಿಸುತ್ತಿದ್ದ. ತನ್ನೂರನ್ನು ಕಣ್ಣಾರೆ ನೋಡದವನಿಗೆ ಜಗತ್ತಿನ ನಕ್ಷೆ ಅರ್ಥವಾಗದು ಎಂಬುದು ಅವನ ನಂಬಿಕೆ.

ಫ್ರಾನ್ಸಿನ ಲ ಪ್ಲೇ ಎಂಬ ಚಿಂತಕನಿಂದ ಗೆಡ್ಡಿಸ್ ಮೂರು ಅಂಶಗಳನ್ನು ಪಡೆದು ತನ್ನದಾಗಿಸಿಕೊಂಡ: ಸ್ಥಳ, ಕಸುಬು, ಜನ. ಅವನ್ನು ಒಂದೇ ಚಿತ್ರದಲ್ಲಿ ಕೂರಿಸಿದ. ಅದೇ ಪ್ರಸಿದ್ಧವಾದ ‘ಕಣಿವೆಯ ಅಡ್ಡಕೊಯ್ತ’. ಎಡಗಡೆ ಬೆಟ್ಟ, ಬಲಗಡೆ ಕಡಲು, ನಡುವೆ ಇಳಿಜಾರು. ಆ ಇಳಿಜಾರಿನುದ್ದಕ್ಕೂ ಗಣಿಗಾರ, ಮರ ಕಡಿಯುವವ, ಬೇಟೆಗಾರ, ಕುರುಬ, ರೈತ, ತೋಟಿಗ, ಬೆಸ್ತ. ನೀರು ಇಳಿಯುವ ದಾರಿಯಲ್ಲೇ ಬದುಕೂ ಬದಲಾಗುತ್ತ ಹೋಗುತ್ತದೆ, ಬುಡದಲ್ಲಿ ಪಟ್ಟಣ ಕಟ್ಟಿಕೊಳ್ಳುತ್ತದೆ. ತೊರೆಯನ್ನು ಬಿಟ್ಟು ಪಟ್ಟಣವನ್ನಾಗಲಿ, ಪಟ್ಟಣವನ್ನು ಬಿಟ್ಟು ತೊರೆಯನ್ನಾಗಲಿ ಓದುವುದು ಗೆಡ್ಡಿಸ್‌ಗೆ ಒಪ್ಪಿಗೆಯಿಲ್ಲದ ಮಾತು.

ಈ ಹಟ ನಮ್ಮ ಕಡೆಗೂ ಬಂತು. 1914ರಲ್ಲಿ ಭಾರತಕ್ಕೆ ಬಂದ ಗೆಡ್ಡಿಸ್ ಹಲವು ನಗರಗಳ ಗಲ್ಲಿಗಳಲ್ಲಿ ನಡೆದಾಡಿ ವರದಿ ಬರೆದ. 1919ರಿಂದ 1924ರವರೆಗೆ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾಗಿದ್ದ. ಅವನ ಶಿಫಾರಸಿನಿಂದ ಇಂಗ್ಲೆಂಡಿಗೆ ಓದಲು ಹೋದ ಜಿ.ಎಸ್. ಘುರ್ಯೆ ಮರಳಿ ಬಂದು ಅದೇ ವಿಭಾಗದ ಹೊಣೆ ಹೊತ್ತರು. ಸ್ವತಃ ಗ್ರಂಥಗಳ ನಡುವೆಯೇ ಹೆಚ್ಚು ಕಾಲ ಕಳೆದರೂ ಶಿಷ್ಯರನ್ನು ಮಾತ್ರ ಊರೂರಿಗೆ ಅಟ್ಟಿದರು. ಆ ಶಿಷ್ಯರಲ್ಲಿ ಮೈಸೂರಿನ ಎಂ.ಎನ್. ಶ್ರೀನಿವಾಸ್ ಒಬ್ಬರು. ಅವರು ಕೊಡಗಿನಲ್ಲಿ ಮಾಡಿದ ಕ್ಷೇತ್ರಕಾರ್ಯ 1952ರಲ್ಲಿ ಪುಸ್ತಕವಾಯಿತು. 1948ರಲ್ಲಿ ಮೈಸೂರು ಸಮೀಪದ ರಾಂಪುರದಲ್ಲಿ ನೆಲೆಸಿ ಕಂಡದ್ದು ಮುಂದೆ ಇನ್ನೊಂದು ಮಹತ್ವದ ಕೃತಿಗೆ ಆಧಾರವಾಯಿತು. ಜಾತಿಯ ಬಗ್ಗೆ ಗ್ರಂಥ ಹೇಳುವುದೇ ಬೇರೆ, ಹಳ್ಳಿಯಲ್ಲಿ ಕಾಣುವುದೇ ಬೇರೆ ಎಂಬ ಅವರ ವಾದಕ್ಕೆ ಬಲ ಬಂದದ್ದು ಅಂಥ ವಾಸದಿಂದಲೇ.

ಶಾಲಾ ಮಕ್ಕಳು ಬರೆದ ನಕ್ಷೆ

ಬ್ರಿಟನ್ನಿನ ಶಾಲೆಗಳಲ್ಲಿ ಕ್ಷೇತ್ರಕಾರ್ಯಕ್ಕೆ ದೊಡ್ಡ ಅವಕಾಶ ಸಿಕ್ಕಿದ್ದು 1930ರ ದಶಕದಲ್ಲಿ. ರಂಗೂನಿನಲ್ಲಿ ಕೆಲಕಾಲ ಪಾಠ ಹೇಳಿ ಲಂಡನ್ನಿಗೆ ಮರಳಿದ್ದ ಎಲ್. ಡಡ್ಲಿ ಸ್ಟ್ಯಾಂಪ್, ಇಡೀ ದೇಶದ ನೆಲ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಗುರುತಿಸುವ ಸಮೀಕ್ಷೆಗೆ ಕೈಹಾಕಿದ. ಸರ್ಕಾರಿ ನೌಕರರ ಪಡೆಯೇನೂ ಅವನ ಬಳಿ ಇರಲಿಲ್ಲ. ಶಿಕ್ಷಕರು ಮತ್ತು ಶಾಲಾ ಮಕ್ಕಳು ಮೈಲಿಗೆ ಆರಂಗುಲದ ನಕ್ಷೆಗಳನ್ನು ಹಿಡಿದು ಹೊಲ ಹೊಲ ನಡೆದರು. ಉತ್ತ ಭೂಮಿ, ಹುಲ್ಲುಗಾವಲು, ಕಾಡು, ಕುರುಚಲು, ತೋಟ ಹೀಗೆ ಒಂದೊಂದಕ್ಕೂ ಒಂದು ಅಕ್ಷರ. ಎರಡನೇ ಮಹಾಯುದ್ಧ ಬಂದು ಹಡಗುಗಳ ದಾರಿ ಅಪಾಯಕ್ಕೆ ಸಿಲುಕಿದಾಗ, ಎಲ್ಲೆಲ್ಲಿ ಹೊಸದಾಗಿ ಉಳಬಹುದು ಎಂದು ತೀರ್ಮಾನಿಸಲು ಇದೇ ನಕ್ಷೆಗಳು ನೆರವಾದವು. ಮಕ್ಕಳ ಅಳತೆ ನಂಬಲರ್ಹ ಎಂದು ದೇಶಕ್ಕೆ ಗೊತ್ತಾದದ್ದು ಹೀಗೆ.

ಯುದ್ಧದ ನಡುವೆಯೇ, 1943ರಲ್ಲಿ, ಲಂಡನ್ನಿನ ಶಾಲಾ ಇನ್‌ಸ್ಪೆಕ್ಟರ್ ಫ್ರಾನ್ಸಿಸ್ ಬಟ್ಲರ್ ಮುಂದಾಗಿ ಕ್ಷೇತ್ರ ಅಧ್ಯಯನಕ್ಕಾಗಿಯೇ ಒಂದು ಮಂಡಳಿ ಕಟ್ಟಿದ. ನಗರದ ಮಕ್ಕಳು ಒಂದು ವಾರ ಉಳಿದು ಕಲಿಯುವಂಥ ಮನೆಗಳು ಬೇಕು ಎಂಬುದು ಅವನ ಯೋಜನೆ. ಮೊದಲ ಕೇಂದ್ರ 1946ರಲ್ಲಿ ಸಫೋಕ್‌ನ ಫ್ಲ್ಯಾಟ್‌ಫರ್ಡ್ ಮಿಲ್‌ನಲ್ಲಿ ತೆರೆಯಿತು. ಚಿತ್ರಕಾರ ಜಾನ್ ಕಾನ್ಸ್‌ಟೇಬಲ್‌ನ ತಂದೆಯ ಕೈಯಲ್ಲಿದ್ದ ಹಳೆಯ ನೀರುಗಿರಣಿ ಅದು. ಬೆನ್ನಿಗೇ ಸರ‍್ರೆಯ ಜುನಿಪರ್ ಹಾಲ್, ಯಾರ್ಕ್‌ಶೈರ್‌ನ ಮಾಲಂ ಟಾರ್ನ್, ವೇಲ್ಸ್‌ನ ಡೇಲ್ ಫೋರ್ಟ್ ಕೇಂದ್ರಗಳು ಬಂದವು. ಆಗಿನ ಪದ್ಧತಿಯಲ್ಲಿ ಗುರುವಿನ ಪಾತ್ರವೇ ದೊಡ್ಡದು. ಮಕ್ಕಳನ್ನು ದಿಬ್ಬ ಹತ್ತಿಸಿ ಕಣಿವೆಯ ರೇಖಾಚಿತ್ರ ಬರೆಯಲು ಹೇಳಿ, ಯಾವ ಬಂಡೆ ಎಲ್ಲಿ ಮುಗಿದು ಯಾವುದು ಶುರುವಾಯಿತು, ಊರು ಏಕೆ ಅಲ್ಲೇ ಹುಟ್ಟಿತು ಎಂದು ವಿವರಿಸುತ್ತಿದ್ದರು. ಗುರು ಕಂಡದ್ದನ್ನು ಶಿಷ್ಯ ಕಂಡರೆ ಪಾಠ ಮುಗಿಯಿತು.

ಪುಸ್ತಕವನ್ನು ಕೆಣಕಿದ ತೊರೆ

ಶಿಷ್ಯರನ್ನು ದಿಬ್ಬದಿಂದ ನೀರಿಗಿಳಿಸಿದ್ದು ಅಂಕಿ ಅಂಶ. 1945ರಲ್ಲಿ ಅಮೆರಿಕದ ಎಂಜಿನಿಯರ್ ರಾಬರ್ಟ್ ಹಾರ್ಟನ್ ತೊರೆಗಳನ್ನು ಶ್ರೇಣಿಗಳಾಗಿ ಎಣಿಸುವ ಕ್ರಮ ಹೇಳಿಕೊಟ್ಟ. 1952ರಲ್ಲಿ ಆರ್ಥರ್ ಸ್ಟ್ರಾಲರ್ ಅದನ್ನು ಸರಳಗೊಳಿಸಿದ. ಎರಡು ಮೊದಲನೇ ಶ್ರೇಣಿಯ ತೊರೆಗಳು ಕೂಡಿದರೆ ಎರಡನೆಯದು, ಎರಡು ಎರಡನೆಯವು ಕೂಡಿದರೆ ಮೂರನೆಯದು.

1953ರಲ್ಲಿ ಲೂನಾ ಲಿಯೋಪೋಲ್ಡ್ ಎಲ್ಲರ ಕಣ್ಣಿಗೆ ವಿರುದ್ಧವಾದ ಒಂದು ಮಾತನ್ನು ಅಳತೆಯ ಬಲದಿಂದ ಮುಂದಿಟ್ಟ. ಬೆಟ್ಟದ ತೊರೆ ಭೋರ್ಗರೆಯುತ್ತದೆ, ಬಯಲಿನ ನದಿ ಆಲಸಿಯಾಗಿ ಹರಿಯುತ್ತದೆ ಎಂದು ತಾನೇ ನಾವೆಲ್ಲ ನಂಬಿರುವುದು? ಆದರೆ ಕೆಳಗಿಳಿದಂತೆ ನೀರಿನ ಸರಾಸರಿ ವೇಗ ಕುಗ್ಗುವುದಿಲ್ಲ, ಸಾಮಾನ್ಯವಾಗಿ ತುಸು ಏರುತ್ತದೆ. ಮೇಲ್ಗಡೆ ಆಳ ಕಡಿಮೆ, ತಳದ ತುಂಬ ಬಂಡೆ. ನೀರಿನ ಶಕ್ತಿಯೆಲ್ಲ ಅವುಗಳಿಗೆ ಬಡಿದು ಸುಳಿಯುವುದರಲ್ಲೇ ಸವೆಯುತ್ತದೆ. ಕೆಳಗಡೆ ಪಾತ್ರ ಆಳ, ತಳ ನುಣುಪು, ತಡೆ ಕಡಿಮೆ. ಸದ್ದು ವೇಗದ ಅಳತೆಯಲ್ಲ.

ಇದನ್ನು ಒಂದು ಕಿತ್ತಳೆ ಹಣ್ಣಿನಿಂದ ಪರೀಕ್ಷಿಸಬಹುದಲ್ಲ! ಹಣ್ಣು ಹತ್ತು ಮೀಟರನ್ನು ಇಪ್ಪತ್ತು ಸೆಕೆಂಡಿನಲ್ಲಿ ದಾಟಿತೆನ್ನಿ. ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದ ನೀರು ಇನ್ನೂ ನಿಧಾನವಾದ್ದರಿಂದ 0.85ರಿಂದ ಗುಣಿಸಿ ಸರಾಸರಿ ತೆಗೆಯುತ್ತಾರೆ. ತೊರೆ ಮೂರು ಮೀಟರ್ ಅಗಲ, ಸರಾಸರಿ 20 ಸೆಂಟಿಮೀಟರ್ ಆಳವಿದ್ದರೆ ಸೆಕೆಂಡಿಗೆ ಸುಮಾರು 255 ಲೀಟರ್ ನೀರು ಹರಿಯುತ್ತಿದೆ ಎಂದಾಯಿತು. ಇದನ್ನೇ ಮೇಲಿನಿಂದ ಕೆಳಗೆ ಹಲವು ಕಡೆ ಮಾಡಿದರೆ ಪುಸ್ತಕ ಹೇಳಿದ್ದು ನಿಜವೋ ಅಲ್ಲವೋ ಗೊತ್ತಾಗುತ್ತದೆ. 1963ರಿಂದ ಕೇಂಬ್ರಿಡ್ಜ್ ಬಳಿಯ ಮ್ಯಾಡಿಂಗ್ಲಿ ಹಾಲ್‌ನಲ್ಲಿ ರಿಚರ್ಡ್ ಚಾರ್ಲಿ ಮತ್ತು ಪೀಟರ್ ಹ್ಯಾಗೆಟ್ ಶಿಕ್ಷಕರಿಗೆ ನಡೆಸಿದ ಶಿಬಿರಗಳು ಈ ಬಗೆಯ ಚಿಂತನೆಯನ್ನು ಶಾಲೆಗಳಿಗೆ ತಲುಪಿಸಿದವು. ನೋಡು ಎನ್ನುವ ಪಾಠ ಹೋಗಿ, ಊಹಿಸು, ಅಳೆ, ಸರಿಯೇ ಎಂದು ಕೇಳು ಎನ್ನುವ ಪಾಠ ಬಂತು.

ಎದುರು ಹರಿದ ವಲಸೆ

ಜನರ ಪಾಠಕ್ಕೂ ಇಂಥದೇ ಒಂದು ನಿಯಮಾವಳಿ ಮೊದಲೇ ಸಿದ್ಧವಿತ್ತು. ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನಕ್ಷೆಗಾರನಾಗಿದ್ದ ಇ.ಜಿ. ರಾವೆನ್‌ಸ್ಟೈನ್ 1885ರಲ್ಲಿ ಬ್ರಿಟನ್ನಿನ ಜನಗಣತಿಯ ಜನ್ಮಸ್ಥಳದ ಪಟ್ಟಿಗಳನ್ನು ಜಾಲಾಡಿ ವಲಸೆಯ ನಿಯಮಗಳನ್ನು ಮಂಡಿಸಿದ. ಹೆಚ್ಚಿನವರು ಹೋಗುವುದು ಹತ್ತಿರಕ್ಕೇ. ದೂರ ಹೋಗುವವರು ವ್ಯಾಪಾರ, ಕೈಗಾರಿಕೆಯ ದೊಡ್ಡ ನಗರಗಳನ್ನು ಹಿಡಿಯುತ್ತಾರೆ. ಪ್ರತಿ ಹರಿವಿಗೂ ಒಂದು ಎದುರು ಹರಿವು ಇದ್ದೇ ಇರುತ್ತದೆ. ಹುಟ್ಟಿದ್ದೆಲ್ಲಿ, ಈಗಿರುವುದೆಲ್ಲಿ ಎಂಬುದು ಆ ಪಟ್ಟಿಯಲ್ಲಿತ್ತು. ಯಾವಾಗ ಬಂದರು, ನಡುವೆ ಎಲ್ಲೆಲ್ಲಿ ತಂಗಿದರು ಎಂಬುದು ಇರಲಿಲ್ಲ. ಆ ಖಾಲಿ ಜಾಗವನ್ನೇ ವಿದ್ಯಾರ್ಥಿಯ ಪ್ರಶ್ನಾವಳಿ ತುಂಬುತ್ತದೆ.

ಪ್ರವಾಸಿ ಪಟ್ಟಣ ಈ ನಿಯಮಗಳನ್ನು ಒರೆಗೆ ಹಚ್ಚಲು ಹೇಳಿ ಮಾಡಿಸಿದ ಜಾಗ. ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಮೀನುಗಾರರ ಊರು. 1877ರಲ್ಲಿ ರೈಲು ಬಂತು. ಮೀನು ಕೈಕೊಟ್ಟಿತು, ಚಿತ್ರಕಾರರು ಬಂದರು, ಅವರ ಹಿಂದೆ ಪ್ರವಾಸಿಗರು ಬಂದರು. 1993ರಲ್ಲಿ ಟೇಟ್ ಕಲಾ ಗ್ಯಾಲರಿಯ ಶಾಖೆಯೇ ಬಂದು ನೆಲೆಯೂರಿತು. ದೊಡ್ಡ ನಗರದಲ್ಲಿ ದುಡಿದು ನಿವೃತ್ತರಾದವರು, ಬೇಸಿಗೆಗೊಂದು ಮನೆ ಬೇಕೆನ್ನುವವರು ಈ ಪುಟ್ಟ ಊರನ್ನು ಹುಡುಕಿಕೊಂಡು ಬಂದರು. ಇಲ್ಲಿ ಹರಿವು ನಗರದಿಂದ ಹೊರಕ್ಕೆ. ಮನೆಯ ಬೆಲೆ ಏರಿದಂತೆ ಹೋಟೆಲಿನಲ್ಲಿ, ಅಂಗಡಿಯಲ್ಲಿ ದುಡಿಯುವ ಸ್ಥಳೀಯ ಯುವಕರು ದೂರದ ಅಗ್ಗದ ಊರುಗಳಿಗೆ ಸರಿಯಬೇಕಾಯಿತು. ಹೊಸದಾಗಿ ಕಟ್ಟುವ ಮನೆಗಳಲ್ಲಿ ಕಾಯಂ ವಾಸಿಗಳೇ ಇರಬೇಕು ಎಂಬ ನಿಯಮಕ್ಕೆ 2016ರ ಮೇ ತಿಂಗಳಲ್ಲಿ ನಡೆದ ಜನಮತದಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಹೂಂ ಎಂದರು. ಆದರೆ ನಿಯಮ ಮುಟ್ಟುವುದು ಹೊಸ ಮನೆಗಳನ್ನು ಮಾತ್ರ. ಬಂದರಿನ ಸುತ್ತಲಿನ ಹಳೆಯ ಮನೆಗಳು ಅದರಾಚೆ ಉಳಿದವು.

ಜನರ ಈ ಬರುವ ಹೋಗುವ ಹರಿವನ್ನು ಅಳೆಯುವುದು ಹೇಗೆ? ಜನಗಣತಿ ಇದೆಯಲ್ಲ ಎನ್ನಬಹುದು. ಇಂಗ್ಲೆಂಡಿನ ಈಚಿನ ಗಣತಿ ನಡೆದದ್ದು 2021ರ ಮಾರ್ಚ್ 21ರಂದು, ಕೊರೋನಾ ನಿರ್ಬಂಧದ ನಡುವೆ. ಆ ದಿನ ಯಾವ ಪ್ರವಾಸಿ ಪಟ್ಟಣವೂ ತನ್ನ ಎಂದಿನ ಮುಖದಲ್ಲಿರಲಿಲ್ಲ. ಹಾಗಾಗಿ ಬೀದಿಗಿಳಿದೇ ನೋಡಬೇಕು. ಬಾಗಿಲ ಪಕ್ಕ ಬಾಡಿಗೆದಾರರಿಗೆಂದು ಅಂಕಿ ಬೀಗದ ಕೀಲಿಪೆಟ್ಟಿಗೆ ತೂಗುವ ಮನೆಗಳೆಷ್ಟು? ದಿನಸಿ ಅಂಗಡಿ ಎಷ್ಟು, ಉಡುಗೊರೆ ಅಂಗಡಿ ಎಷ್ಟು? ಚಳಿಗಾಲದ ಬಸ್ಸಿನ ವೇಳಾಪಟ್ಟಿ ಎಷ್ಟು ಸೊರಗಿದೆ? ಇವೆಲ್ಲ ವಿದ್ಯಾರ್ಥಿಯ ಕೈಗೆಟುಕುವ ಅಳತೆಗಳು.

ಎರಡು ನೋಟ್‌ಬುಕ್ ಏಕೆ?

ಕ್ಷೇತ್ರಕಾರ್ಯದ ದಾರಿ ಹೂವಿನದಲ್ಲ. 2000ದ ಅಕ್ಟೋಬರ್‌ನಲ್ಲಿ ಯಾರ್ಕ್‌ಶೈರ್‌ನ ಸ್ಟೇನ್‌ಫೋರ್ತ್ ಬೆಕ್ ಎಂಬ ತೊರೆಯಲ್ಲಿ ಶಾಲಾ ತಂಡದೊಂದಿಗೆ ನಡೆಯುತ್ತಿದ್ದ ಇಬ್ಬರು ಹುಡುಗಿಯರು ಕೊಚ್ಚಿಹೋದರು. 2001ರಲ್ಲಿ ಜಾನುವಾರುಗಳ ಕಾಲುಬಾಯಿ ರೋಗದಿಂದ ಹಳ್ಳಿಗಾಡಿನ ದಾರಿಗಳೇ ಮುಚ್ಚಿದವು. ಇಂದು ಮಳೆಯ ಮುನ್ಸೂಚನೆ, ನೀರಿನ ಮಟ್ಟ, ದಡ ಹತ್ತುವ ದಾರಿ ಎಲ್ಲವನ್ನೂ ಮೊದಲೇ ಬರೆದಿಡದೆ ಶಿಕ್ಷಕರು ಮಕ್ಕಳನ್ನು ನೀರಿಗಿಳಿಸುವುದಿಲ್ಲ.

ಆದರೂ ಒಂದು ಕೊರತೆ ಉಳಿದಿದೆ. ಅಂಕದ ಅನುಕೂಲಕ್ಕಾಗಿ ಪಠ್ಯಕ್ರಮ ಭೂಗೋಳವನ್ನು ‘ಪ್ರಾಕೃತಿಕ’, ‘ಮಾನವ’ ಎಂದು ಸೀಳಿತು. ನೀರಿಗೊಂದು ನೋಟ್‌ಬುಕ್, ಜನಕ್ಕೊಂದು ನೋಟ್‌ಬುಕ್. ಈ ಸೀಳು ಎಷ್ಟು ಕೃತಕ ಎಂಬುದಕ್ಕೆ ಡೆವನ್‌ನ ಲಿನ್‌ಮತ್ ಸಾಕ್ಷಿ. ಎಕ್ಸ್‌ಮೂರ್ ಬೆಟ್ಟದಿಂದ ಇಳಿಯುವ ಈಸ್ಟ್ ಲಿನ್, ವೆಸ್ಟ್ ಲಿನ್ ಎಂಬ ಎರಡು ತೊರೆಗಳು ಕಡಲು ಸೇರುವಲ್ಲಿರುವ ಈ ಪುಟ್ಟ ಊರಿಗೆ ವಿಕ್ಟೋರಿಯಾ ರಾಣಿಯ ಕಾಲದಿಂದ ಪ್ರವಾಸಿಗರು ಮುಗಿಬಿದ್ದರು. 1890ರಲ್ಲಿ ನೀರಿನ ಭಾರದಿಂದಲೇ ಓಡುವ ಬೆಟ್ಟದ ರೈಲೂ ಬಂತು. ಜಾಗ ಸಾಲದೆ ವೆಸ್ಟ್ ಲಿನ್ ತೊರೆಯನ್ನು ಕಿರಿದಾದ ಕಾಲುವೆಗೆ ಅಟ್ಟಿ, ಅದರ ಹಳೆಯ ಪಾತ್ರದಲ್ಲಿ ಕಟ್ಟಡಗಳೆದ್ದವು. 1952ರ ಆಗಸ್ಟ್ 15ರಂದು ಮೊದಲೇ ನೆನೆದಿದ್ದ ಬೆಟ್ಟದ ಮೇಲೆ 24 ಗಂಟೆಗಳಲ್ಲಿ ಸುಮಾರು 229 ಮಿಲಿಮೀಟರ್ ಮಳೆ ಸುರಿಯಿತು. ರಾತ್ರಿ ವೆಸ್ಟ್ ಲಿನ್ ಕಾಲುವೆ ಒಡೆದು ತನ್ನ ಹಳೆಯ ಹಾದಿಗೇ ಮರಳಿತು. 34 ಮಂದಿ ಸತ್ತರು, 400ಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಊರನ್ನು ಮತ್ತೆ ಕಟ್ಟುವಾಗ ತೊರೆಗೆ ಅಗಲವಾದ ಪಾತ್ರ ಬಿಡಲಾಯಿತು.

ಅಲ್ಲಿ ಟೇಪು ಹಿಡಿದು ನಿಂತ ವಿದ್ಯಾರ್ಥಿ ಅಳೆಯುವ ಅಗಲ ಪ್ರಕೃತಿ ಕೊರೆದದ್ದೋ, ಮನುಷ್ಯ ಬಿಟ್ಟದ್ದೋ? ಎರಡೂ ಹೌದು. ಎಷ್ಟು ಜನ ಬಂದರು, ಏಕೆ ಬಂದರು, ಎಲ್ಲಿ ಮನೆ ಕಟ್ಟಿದರು ಎಂದು ಕೇಳದೆ ಆ ಅಂಕಿಗೆ ಅರ್ಥವಿಲ್ಲ. ಬೆಟ್ಟದಿಂದ ಕಡಲಿನವರೆಗೆ ಗೆಡ್ಡಿಸ್ ಎಳೆದ ಗೆರೆಯನ್ನು ಪಠ್ಯಕ್ರಮ ತುಂಡರಿಸಿದರೂ ಕಣಿವೆ ತುಂಡರಿಸಿಲ್ಲ. ಸ್ವತಂತ್ರ ವರದಿಗೆ ಪ್ರಶ್ನೆಯನ್ನು ಆರಿಸುವ ಹಕ್ಕು ಈಗ ವಿದ್ಯಾರ್ಥಿಯದು. ಎರಡೂ ನೋಟ್‌ಬುಕ್‌ಗಳನ್ನು ಒಂದಾಗಿಸಿ ಹೊಲಿಯಲು ಅವನಿಗೂ ಅವಳಿಗೂ ಯಾರ ಅಪ್ಪಣೆಯೂ ಬೇಕಿಲ್ಲ.